ತಂಗಿಯ ಸೀಮಂತ, ಎರಡು-ನಾಲ್ಕರ ಬಳೆ

ನಮ್ಮ ಮನೆಯಲ್ಲಿ ಸೀಮಂತ ಅಂದರೆ ಗಂಡಸರಿಗೆ ಎರಡೇ ಕೆಲಸ. ದುಡ್ಡು ಕೊಡುವುದು, ಮೊದಲ ಪಂಕ್ತಿಗೆ ಕೂರುವುದು. ನಾನೂ ಅಷ್ಟರಲ್ಲೇ ಮುಗಿಸುವ ಆಸೆಯಲ್ಲಿದ್ದೆ. ಆದರೆ ಅಪ್ಪ ಹೋಗಿ ಆರು ವರ್ಷವಾಯಿತು. ನನ್ನ ಹೆಂಡತಿ ಹೈಸ್ಕೂಲ್ ಟೀಚರ್, ಫೆಬ್ರವರಿ ಅಂದರೆ ಅವಳಿಗೆ ಹತ್ತನೇ ಕ್ಲಾಸಿನ ಮಕ್ಕಳ ಪೂರ್ವಸಿದ್ಧತಾ ಪರೀಕ್ಷೆ. ಅಮ್ಮ "ನಂಗೆ ಆ ಫೋನು ಗೀನು ಮಾಡಿ ಮಾತಾಡೋಕೆ ಬರಲ್ಲ, ನೀನೇ ನೋಡ್ಕೋ" ಅಂದುಬಿಟ್ಟಳು. ಹೀಗೆ ತಂಗಿಯ ಸೀಮಂತ ಪೂರ್ತಿಯಾಗಿ ನನ್ನ ತಲೆ ಮೇಲೆ ಬಂತು.

ಎಲ್ಲಿ ಮಾಡುವುದು ಅನ್ನುವುದೇ ಮೊದಲ ತಕರಾರು. ಪದ್ಧತಿ ಪ್ರಕಾರ ಗಂಡನ ಮನೆಯಲ್ಲಿ. ತವರಿನವರು ಬುತ್ತಿ ಕಟ್ಟಿಕೊಂಡು, ಸೀರೆ ಕುಪ್ಪಸ ತಗೊಂಡು ಹೋಗಿ, ಶಾಸ್ತ್ರ ಮುಗಿಸಿ ಮಗಳನ್ನು ಹೆರಿಗೆಗೆ ಕರೆತರಬೇಕು. ತಂಗಿಯ ಗಂಡನ ಮನೆ ಚಿತ್ರದುರ್ಗದಲ್ಲಿ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಅವರಿಬ್ಬರೂ ಇರುವುದು ಬೆಂಗಳೂರಿನ ಬಾಡಿಗೆ ಮನೆಯಲ್ಲಿ. ಅಲ್ಲಿ ಹತ್ತು ಜನ ಕೂತರೆ ಹನ್ನೊಂದನೆಯವರು ಬಾಲ್ಕನಿಗೆ ಹೋಗಬೇಕು. ಕೊನೆಗೆ ತಂಗಿಯ ಮಾವನೇ "ಏಳು ತಿಂಗಳ ಬಸುರಿಗೆ ಕೋಟೆ ಹತ್ತು ಅನ್ನೋದೂ ಒಂದೇ, ನಮ್ಮನೆ ಮೆಟ್ಟಿಲು ಹತ್ತು ಅನ್ನೋದೂ ಒಂದೇ, ದಾವಣಗೆರೇಲೇ ಮಾಡಿ" ಅಂತ ನಕ್ಕು ಮುಗಿಸಿದರು. ದುರ್ಗದಿಂದ ಇಲ್ಲಿಗೆ ಅರವತ್ತು ಕಿಲೋಮೀಟರ್ ಆಸುಪಾಸು, ಹೆದ್ದಾರಿಯಲ್ಲಿ ಒಂದು ತಾಸು. ಊಟದ ಖರ್ಚು ಅವರದು, ಹಾಲ್ ನಮ್ಮದು ಅಂತಾಯಿತು.

ದಿನ ಹುಡುಕುವುದು ಅಷ್ಟು ಕಷ್ಟ ಆಗಲಿಲ್ಲ. ಏಳನೇ ತಿಂಗಳು ಆಗಬಹುದು, ಎಂಟು ಬೇಡ ಅಂತ ದೊಡ್ಡಮ್ಮ ಮೊದಲೇ ಗೆರೆ ಎಳೆದಿದ್ದಳು. ಧನುರ್ಮಾಸ ಕಳೆದಿತ್ತು. ಭಾನುವಾರ ರಾಹುಕಾಲ ಸಂಜೆ ನಾಲ್ಕೂವರೆಯಿಂದ ಆರು, ಹಾಗಾಗಿ ಬೆಳಗ್ಗೆ ಪೂರ್ತಿ ಖಾಲಿ. ಪುಣ್ಯಕ್ಕೆ ಆ ವರ್ಷ ದುಗ್ಗಮ್ಮನ ಜಾತ್ರೆ ಇರಲಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಆ ಜಾತ್ರೆಯ ಹೊತ್ತಿಗೆ ನಮ್ಮೂರಲ್ಲಿ ಅಡುಗೆಯವರೂ ಸಿಗಲ್ಲ, ಆಟೋನೂ ಸಿಗಲ್ಲ.

ನಾನು ಬ್ಯಾಂಕಿನವನು. ಪಟ್ಟಿ ಮಾಡದೆ ನನಗೆ ನಿದ್ದೆ ಬರುವುದಿಲ್ಲ. ಎಕ್ಸೆಲ್‌ನಲ್ಲಿ 34 ಸಾಲಿನ ಪಟ್ಟಿ ಮಾಡಿದೆ. ಹಾಲ್, ಅಡುಗೆ, ಹೂವು, ಫೋಟೊ, ತಾಂಬೂಲದ ಚೀಲ, ಕುಡಿಯುವ ನೀರಿನ ಕ್ಯಾನ್, ಜನರೇಟರ್‌ಗೆ ಡೀಸೆಲ್. ಹೆಮ್ಮೆಯಿಂದ ತಂಗಿಗೆ ಕಳಿಸಿದೆ. ಅವಳು ಓದಿ, "ಅಣ್ಣಾ, ಇದರಲ್ಲಿ ನಾನೆಲ್ಲಿ?" ಅಂದಳು. ತಮಾಷೆ ಅಂದುಕೊಂಡೆ.

ಮುಂದಿನ ವಾರವೇ ಅವಳ ಸಕ್ಕರೆ ಪರೀಕ್ಷೆಯ ರಿಪೋರ್ಟ್ ಬಂತು. ಬಸುರಿಯರಿಗೆ 24ರಿಂದ 28ನೇ ವಾರದೊಳಗೆ ಈ ಪರೀಕ್ಷೆ ಮಾಡುತ್ತಾರೆ. 75 ಗ್ರಾಂ ಗ್ಲೂಕೋಸನ್ನು ನೀರಲ್ಲಿ ಕದಡಿ ಕುಡಿಸಿ, ಎರಡು ತಾಸು ಬಿಟ್ಟು ರಕ್ತ ತೆಗೆಯುತ್ತಾರೆ. 140 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಅಂತ ಲೆಕ್ಕ. ಅವಳದು 156. ಮಾತ್ರೆ ಇನ್ಸುಲಿನ್ ಸದ್ಯಕ್ಕೆ ಬೇಡ, ಊಟ ನಡಿಗೆಯಲ್ಲೇ ನೋಡೋಣ ಅಂದರಂತೆ ಡಾಕ್ಟರ್. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ 95ರ ಒಳಗೆ, ಊಟವಾಗಿ ಎರಡು ತಾಸಿಗೆ 120ರ ಒಳಗೆ ಇರಬೇಕು. ಬೆರಳು ಚುಚ್ಚುವ ಒಂದು ಸಣ್ಣ ಮಷಿನ್ ಅವಳ ಬ್ಯಾಗಿಗೆ ಬಂತು.

ಈಗ ನನ್ನ ಪಟ್ಟಿ ತೆಗೆದು ನೋಡಿದೆ. ಹೋಳಿಗೆ ಎರಡು ಥರ. ಕರ್ಜಿಕಾಯಿ, ಎಳ್ಳುಂಡೆ, ಶೇಂಗಾ ಉಂಡೆ. ಆರತಿ ಮಾಡುವ ಪ್ರತಿ ಹೆಂಗಸೂ ಬಸುರಿಯ ಬಾಯಿಗೆ ಒಂದು ಚಮಚ ಸಕ್ಕರೆ ಹಾಕುತ್ತಾಳೆ. ನಾವು ಕರೆದಿದ್ದು 120 ಜನ, ಅದರಲ್ಲಿ ಆರತಿಗೆ ಬರುವವರು ಕಡಿಮೆ ಅಂದರೂ ನಲವತ್ತು. ನಲವತ್ತು ಚಮಚ ಸಕ್ಕರೆ! ಅದಕ್ಕೆ ಹೋಲಿಸಿದರೆ ಆಸ್ಪತ್ರೆಯ ಗ್ಲೂಕೋಸೇ ವಾಸಿ ಅನ್ನಿಸಿತು.

ತಂಗಿ ಸೀಮಂತಕ್ಕೆ ಹತ್ತು ದಿನ ಮೊದಲೇ ಬಂದಳು. ಬಸ್ಸಿಗಿಂತ ರೈಲು ವಾಸಿ ಅಂತ ವಂದೇ ಭಾರತ್‌ನಲ್ಲಿ ಬಂದಳು. ಬೆಂಗಳೂರಲ್ಲಿ ಬೆಳಗಿನ ಜಾವ ಹತ್ತಿದರೆ ತಿಂಡಿ ಹೊತ್ತಿಗೆ ದಾವಣಗೆರೆ. ಬಂದ ದಿನವೇ ಅವಳನ್ನು ಇಲ್ಲಿನ ಲೇಡಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು ನನ್ನ ಕಡೆ ತಿರುಗಿ, "ಫಂಕ್ಷನ್ ಮಾಡ್ಸೋರು ನೀವಾ? ಒಂದೇ ಸಮನೆ ಅರ್ಧ ಗಂಟೆಗಿಂತ ಜಾಸ್ತಿ ಕೂರಿಸ್ಬೇಡಿ. ಕಾಲು ಜೋತಾಡ್ಬಾರ್ದು, ಕೆಳಗೆ ಮಣೆ ಇಡಿ. ಊಟ ಒಂದು ಗಂಟೆಗೆ ಅಂದ್ರೆ ಒಂದೇ ಗಂಟೆಗೆ, ಎಲ್ಲರದೂ ಆಗ್ಲಿ ಅಂತ ಮೂರರವರೆಗೆ ಕಾಯಿಸ್ಬೇಡಿ" ಅಂದರು. ಅಲ್ಲೇ ಫೋನ್ ತೆಗೆದು ಪಟ್ಟಿಗೆ 35ನೇ ಸಾಲು ಸೇರಿಸಿದೆ.

ಆ ಹತ್ತು ದಿನ ಸಂಜೆ ಇಬ್ಬರೂ ಕುಂದವಾಡ ಕೆರೆ ಏರಿ ಮೇಲೆ ನಡೆಯಲು ಹೋಗುತ್ತಿದ್ದೆವು. ಸೀಮಂತದ ಅರ್ಧ ತೀರ್ಮಾನಗಳು ಆಗಿದ್ದು ಅಲ್ಲೇ. ಸಕ್ಕರೆ ಬಟ್ಟಲಿನ ಬದಲು ಹೆಸರುಬೇಳೆ ಕೋಸಂಬರಿ ಇಡುವುದು, ನಾಲ್ಕೇ ನಾಲ್ಕು ಕಾಳು ಬಾಯಿಗೆ ಹಾಕಿ ಅಂತ ಹೇಳುವುದು. ಅವಳ ಬುತ್ತಿಗೆ ಅಕ್ಕಿಯ ಬದಲು ನವಣೆ. ನವಣೆ ನಮ್ಮ ಸೀಮೆಯದೇ ಬೆಳೆ, ಅದರ ಚಿತ್ರಾನ್ನ, ಅದರ ಮೊಸರನ್ನ ಚೆನ್ನಾಗೇ ಆಗುತ್ತದೆ. ಹಾಗಂತ ನವಣೆ ಅಂದ ತಕ್ಷಣ ಎರಡು ತಟ್ಟೆ ಹೊಡೆಯುವ ಹಾಗಿಲ್ಲ, ಅಳತೆ ಅದಕ್ಕೂ ಇದೆ. ಇದನ್ನು ನೆಂಟರಿಗೆ ಹೇಳುವುದೇ ದೊಡ್ಡ ಕೆಲಸ. "ಸಕ್ಕರೆ ಅಲ್ಲಲ್ಲ, ಬೆಲ್ಲ ಐತಿ, ಏನೂ ಆಗಲ್ಲ" ಅನ್ನುವ ಮಾತನ್ನು ನಾನು ಆ ಹದಿನೈದು ದಿನದಲ್ಲಿ ಎಷ್ಟು ಬಾಯಲ್ಲಿ ಕೇಳಿದೆನೋ. ಹೊಟ್ಟೆಗೆ ಹೋದ ಮೇಲೆ ಬೆಲ್ಲವೂ ಸಕ್ಕರೆಯೇ.

ಆಮಂತ್ರಣದ ಕಥೆ ಚಿಕ್ಕದು. ನಾನು ಬರೆದುಕೊಟ್ಟಿದ್ದು "ಸೀಮಂತ". ಅಚ್ಚಾಗಿ ಬಂದಿದ್ದು "ಶ್ರೀಮಂತ ಕಾರ್ಯಕ್ರಮ". ಪ್ರೆಸ್ಸಿನ ಹುಡುಗ "ಸಾರ್, ನೀವು ತಪ್ಪು ಬರ್ದಿದ್ರಿ, ನಾನೇ ಸರಿ ಮಾಡ್ದೆ" ಅಂದ. ನಮ್ಮ ಕಡೆ ಎಲ್ಲರ ಬಾಯಲ್ಲೂ ಅದು ಶ್ರೀಮಂತವೇ. ಸೀಮಂತ ಅಂದರೆ ಬೈತಲೆ, ಹೆಂಡತಿಯ ಬೈತಲೆಯನ್ನು ಗಂಡ ತೆಗೆಯುವ ಹಳೇ ಶಾಸ್ತ್ರದಿಂದ ಬಂದ ಹೆಸರು ಅಂತ ಅವನಿಗೆ ಹೇಳಲು ಹೋಗಿ ಸುಮ್ಮನಾದೆ. ನಮ್ಮಜ್ಜಿ ಎರಡನ್ನೂ ಅನ್ನುತ್ತಿರಲಿಲ್ಲ. ಅವಳಿಗೆ ಅದು ಬರೀ "ಕುಬಸ".

ಅಲಂಕಾರದವನದು ಇನ್ನೊಂದು. ಗುಲಾಬಿ, ನೀಲಿ ಬಲೂನು ತೋರಿಸಿ "ಹುಡುಗನಾ ಹುಡುಗಿನಾ ಅಂತ ಒಂದು ಬೋರ್ಡ್ ಇಡೋಣ, ಬಂದೋರೆಲ್ಲ ಮಾರ್ಕ್ ಹಾಕ್ತಾರೆ, ಈಗ ಟ್ರೆಂಡ್" ಅಂದ. ಹೊರದೇಶದಲ್ಲಿ ಸ್ಕ್ಯಾನ್‌ನಲ್ಲಿ ತಿಳಿದುಕೊಂಡು ಬಲೂನು ಒಡೆಯುತ್ತಾರೆ. ಇಲ್ಲಿ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾನೂನು ಬಂದಿದ್ದೇ ಆ ತಿಳಿಯುವ ಚಟದಿಂದ ಹೆಣ್ಣುಕೂಸುಗಳು ಹುಟ್ಟುವ ಮೊದಲೇ ಹೋಗುತ್ತಿದ್ದವು ಅಂತ. ಬೋರ್ಡ್ ಬೇಡ, ಚೆಂಡು ಹೂವಿನ ಮಾಲೆ ಸಾಕು ಅಂದೆ. ಅವನಿಗೆ ಬೇಜಾರಾಯಿತು. ನನಗೇನೂ ಆಗಲಿಲ್ಲ.

ಸಾಮಾನಿಗೆ ಅಮ್ಮನ ಜೊತೆ ಮಂಡಿಪೇಟೆಗೆ ಹೋದೆ. ಉಡಿ ತುಂಬಲು ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಬೆಟ್ಟಡಿಕೆ, ಅಕ್ಕಿ, ಬೆಲ್ಲದ ಅಚ್ಚು. ಎಲ್ಲ ಐದೈದು. ಅಮ್ಮ ಕೊಬ್ಬರಿ ಒಂದೊಂದನ್ನೂ ಬೆಳಕಿಗೆ ಹಿಡಿದು, ಮೂಸಿ, ಕಿವಿ ಹತ್ತಿರ ತಟ್ಟಿ ಆರಿಸಿದಳು. ಐದು ಕೊಬ್ಬರಿಗೆ ಇಪ್ಪತ್ತು ನಿಮಿಷ. ಅಂಗಡಿಯವನಿಗೆ ನಾನು ಕಣ್ಣಲ್ಲೇ ಕ್ಷಮೆ ಕೇಳಿದೆ. ಆಮೇಲೆ ಹಸಿರು ಇಳಕಲ್ ಸೀರೆ, ಅದಕ್ಕೊಂದು ಗುಳೇದಗುಡ್ಡದ ಖಣ. ಅವರ ಕಡೆಯಿಂದ ಮೊಳಕಾಲ್ಮೂರು ರೇಷ್ಮೆ ಸೀರೆ ಬರುವುದಿತ್ತು. ತಮ್ಮ ಜಿಲ್ಲೆಯ ಸೀರೆ ಅನ್ನುವ ಅಭಿಮಾನ ದುರ್ಗದವರಿಗೆ ಇದ್ದೇ ಇದೆ. ಯಾವ ಸೀರೆ ಮೊದಲು? ಈ ಪ್ರಶ್ನೆಗೆ ಎರಡು ಮನೆಯ ನಡುವೆ ಆರು ಫೋನ್ ಆದವು. ಬಳೆ ತೊಡುವಾಗ ತವರಿನ ನೂಲಿನ ಇಳಕಲ್, ಆರತಿಗೆ ಅತ್ತೆ ಮನೆಯ ರೇಷ್ಮೆ, ಆರತಿ ಮುಗಿದ ತಕ್ಷಣ ಮತ್ತೆ ಇಳಕಲ್ ಅಂತ ತಂಗಿಯೇ ತೀರ್ಪು ಕೊಟ್ಟಳು. ಸೆಕೆ ಆಗುವುದು ಅವಳಿಗೆ ತಾನೇ.

ಹಾಲ್ ವಿಷಯದಲ್ಲಿ ನಾನು ಪೆದ್ದನಾದೆ. ವಿದ್ಯಾನಗರದ ಕಡೆ ಒಂದು ಚಿಕ್ಕ ಹಾಲ್ ನೋಡಿ, ಪಾರ್ಕಿಂಗ್ ನೋಡಿ, ಫ್ಯಾನ್ ಎಣಿಸಿ, ಅಡುಗೆಮನೆಯ ನಲ್ಲಿ ತಿರುಗಿಸಿ ನೋಡಿ ಮುಂಗಡ ಕೊಟ್ಟಿದ್ದೆ. ಹಿಂದಿನ ದಿನ ಸಂಜೆ ಹೆಂಡತಿ ಬಂದವಳು ಒಳಗೆ ಕಾಲಿಟ್ಟ ತಕ್ಷಣ ಕೇಳಿದ್ದು, "ಟಾಯ್ಲೆಟ್ ಎಲ್ಲಿದೆ?" ಊಟದ ಹಾಲ್ ಮಹಡಿ ಮೇಲೆ. ಟಾಯ್ಲೆಟ್ ಹಿಂದಿನ ಅಂಗಳ ದಾಟಿ. ಅದೂ ಕುಕ್ಕರುಗಾಲಲ್ಲಿ ಕೂರುವಂಥದ್ದು, ನೆಲ ಸದಾ ಒದ್ದೆ. ಏಳು ತಿಂಗಳ ಬಸುರಿಗೆ ಅರ್ಧ ಗಂಟೆಗೊಮ್ಮೆ ಹೋಗಬೇಕಾಗುತ್ತದೆ. ನಾನು ಮೂರು ಸಲ ಬಂದು ನೋಡಿದ ಹಾಲ್, ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ವೇದಿಕೆ ಪಕ್ಕದಲ್ಲೇ ವಧುವಿನ ಕೋಣೆ, ಅದರಲ್ಲಿ ಕಮೋಡ್ ಇತ್ತು. ಆದರೆ ಬೀಗ. "ಮದುವೆಗೆ ಮಾತ್ರ ಸಾರ್, ಬೇಕಂದ್ರೆ ಎರಡು ಸಾವಿರ ಎಕ್ಸ್‌ಟ್ರಾ" ಅಂದ ಮ್ಯಾನೇಜರ್. ಚೌಕಾಸಿಯಲ್ಲಿ ನಾನು ಕಡಿಮೆಯವನಲ್ಲ, ಆದರೆ ಆವತ್ತು ಬಾಯಿ ಮುಚ್ಚಿ ಕೊಟ್ಟೆ. ಇಡೀ ಸೀಮಂತದಲ್ಲಿ ಅತಿ ಸದುಪಯೋಗ ಆದ ದುಡ್ಡು ಅದೇ.

ಭಾನುವಾರ ಬೆಳಗ್ಗೆ ಏಳಕ್ಕೆ ಬಳೆಗಾರ ಮನೆಗೆ ಬಂದ. ಹಾಲ್‌ನಲ್ಲಿ ಗಲಾಟೆ, ಮನೆಯಲ್ಲೇ ತೊಡಿಸೋಣ ಅಂತ ಮೊದಲೇ ಮಾತಾಗಿತ್ತು. ಚೌಕಿಪೇಟೆಯಲ್ಲಿ ನಾನೇ ಹೋಗಿ ನಾಲ್ಕು ಡಜನ್ ಹಸಿರು ಗಾಜಿನ ಬಳೆ ತಂದಿಟ್ಟಿದ್ದೆ. ಅಳತೆ ಎರಡು-ನಾಲ್ಕು. ಅವಳ ಮದುವೆಗೆ ತೊಟ್ಟಿದ್ದು ಅದೇ ಅಳತೆ ಅಂತ ಅಮ್ಮ ಹೇಳಿದ್ದಳು. ಬಳೆಗಾರ ತಂಗಿಯ ಕೈ ಹಿಡಿದು ಒಮ್ಮೆ ಒತ್ತಿ ನೋಡಿ, "ಇದು ಹೋಗಲ್ಲ ಅಣ್ಣಾರೆ" ಅಂದ. ನಾನು "ಸೋಪಿನ ನೀರು ಹಾಕಿ ನೋಡಿ" ಅಂದೆ. ಮೊದಲ ಬಳೆ ಗೆಣ್ಣಿನ ಹತ್ತಿರ ಚಟ್ ಅಂತು. "ಒಡೀತು" ಅಂದೆ. "ಒಡೀತು ಅನ್ನಬಾರ್ದು, ಹಿಗ್ಗಿತು ಅನ್ನು" ಅಂತ ದೊಡ್ಡಮ್ಮ ಗದರಿದಳು.

ಬಳೆಯ ಲೆಕ್ಕ ನನಗೆ ಗೊತ್ತಾಗಿದ್ದು ಆಗಲೇ. ಎರಡು-ನಾಲ್ಕು ಅಂದರೆ ಎರಡು ಇಂಚು, ಮೇಲೆ ಹದಿನಾರರಲ್ಲಿ ನಾಲ್ಕು ಭಾಗ. ಎರಡೂಕಾಲು ಇಂಚಿನ ಒಳವ್ಯಾಸ. ಎರಡು-ಆರು ಅಂದರೆ ಅದಕ್ಕಿಂತ ಒಂದು ಇಂಚಿನ ಎಂಟನೇ ಒಂದು ಭಾಗ ದೊಡ್ಡದು, ಅಂದರೆ ಸುಮಾರು ಮೂರು ಮಿಲಿಮೀಟರ್. ಬಸುರಿಯ ಕೈಕಾಲು ಊದಿಕೊಳ್ಳುತ್ತವೆ, ಮದುವೆಯ ಅಳತೆ ಹಿಡಿದು ಬಳೆ ತರಬಾರದು ಅಂತ ಯಾರೂ ನನಗೆ ಹೇಳಿರಲಿಲ್ಲ. ಹೇಳಬೇಕು ಅಂತ ಹೆಂಗಸರಿಗೆ ಅನ್ನಿಸುವುದೂ ಇಲ್ಲ, ಅವರಿಗೆ ಅದು ಗೊತ್ತಿರುವುದೇ ಅಲ್ವಾ. ಪುಣ್ಯಕ್ಕೆ ಬಳೆಗಾರನ ಪೆಟ್ಟಿಗೆಯಲ್ಲಿ ಎರಡು-ಆರರ ಹಸಿರು ಮೂರು ಡಜನ್ ಇತ್ತು.

ಅವನು ಬಳೆಯ ಸರ ಬಿಚ್ಚಿ ತಟ್ಟೆಯಲ್ಲಿಟ್ಟು, ತಲೆ ಎತ್ತಿ "ತಾಯಿ ಯಾರು? ತವರಿನ ಬಳೆ, ತಾಯಿ ಮುಟ್ಟಿ ಕೊಡ್ಲಿ" ಅಂದ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಮನೆಯ ನಡುಮನೆಯಲ್ಲಿ ಬಸವಣ್ಣನವರ ಫೋಟೊ ಇದೆ. ಹನ್ನೆರಡನೇ ಶತಮಾನದಲ್ಲೇ ಶುಭ ಅಶುಭ ಸೂತಕ ಎಲ್ಲ ಸುಳ್ಳು ಅಂದವರ ಮನೆತನ ನಮ್ಮದು ಅಂತ ಬಸವ ಜಯಂತಿಗೆ ಭಾಷಣ ಕೇಳಿ ಚಪ್ಪಾಳೆ ಹೊಡೆಯುತ್ತೇವೆ. ಆದರೆ ಆರತಿ ತಟ್ಟೆ ಹೊರಗೆ ಬಂತು ಅಂದರೆ ಗಂಡ ಇಲ್ಲದವರು ಅವರಾಗಿಯೇ ಅಡುಗೆಮನೆ ಸೇರುತ್ತಾರೆ. ಯಾರೂ ಹೋಗು ಅನ್ನುವುದಿಲ್ಲ. ಯಾರೂ ಬಾ ಅಂತಲೂ ಅನ್ನುವುದಿಲ್ಲ. ಹದಿನೈದು ದಿನ ಮೊದಲೇ ನಾನು ಅಮ್ಮನಿಗೆ ಹೇಳಿದ್ದೆ, ಮೊದಲ ಆರತಿ ನಿಂದೇ ಅಂತ. "ಸುಮ್ನೆ ರಾದ್ಧಾಂತ ಮಾಡ್ಬೇಡ. ಬೀಗರ ಮುಂದೆ ನನ್ನ ಮಗಳ ದಿನ ಹಾಳಾಗೋದು ಬೇಡ" ಅಂದಿದ್ದಳು. ನಾನು ಮತ್ತೆ ಮಾತೆತ್ತಲಿಲ್ಲ. ಎತ್ತಬೇಕಿತ್ತೋ ಏನೋ.

ಬಳೆಗಾರನಿಗೆ ಇದೆಲ್ಲ ಏನು ಗೊತ್ತು. ಅಮ್ಮ ಬಾಗಿಲಲ್ಲಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು. ಅವನು ತಟ್ಟೆ ಹಿಡಿದು ಕಾಯುತ್ತಲೇ ಇದ್ದ. "ಬರ್ರೀ ಅಮ್ಮಾ, ನಂಗೆ ಇನ್ನೆರಡು ಮನೆ ಇದಾವೆ" ಅಂದ. ದೊಡ್ಡಮ್ಮ ಮೇಲೆ ತಿರುಗುವ ಫ್ಯಾನನ್ನು ಮೊದಲ ಸಲ ನೋಡಿದವಳ ಹಾಗೆ ನೋಡುತ್ತಿದ್ದಳು. ಅಮ್ಮ ಬಂದು ತಟ್ಟೆ ಮುಟ್ಟಿದಳು. ಮೊದಲ ಬಳೆ ತೆಗೆದು ಅವನ ಕೈಗೆ ಕೊಡಲಿಲ್ಲ, ತಾನೇ ತಂಗಿಯ ಕೈಗೆ ಹಾಕಲು ಹೋದಳು. ಬೆರಳು ಕೂಡಿಸಿ, ಗೆಣ್ಣು ಒತ್ತಿ, ಒಂದೇ ಸಲಕ್ಕೆ ಇಳಿಸಿದಳು. "ನಿಮ್ಗೆ ಬರುತ್ತಲ್ಲಮ್ಮ!" ಅಂದ ಬಳೆಗಾರ. "ಮಗಳ ಕೈ ಅಲ್ವಾ" ಅಂದು ಅಮ್ಮ ಒಳಗೆ ಹಾಲು ಉಕ್ಕುತ್ತಿದೆ ಅಂತ ಹೋದಳು. ಒಲೆ ಮೇಲೆ ಹಾಲೇ ಇರಲಿಲ್ಲ. ಒಂದು ಕೈಗೆ ಒಂದು ಬಳೆ ಜಾಸ್ತಿ ಇರಬೇಕಂತೆ, ಬಲಗೈಗೆ ಹದಿನೆಂಟು, ಎಡಗೈಗೆ ಹದಿನೇಳು ಆಯಿತು.

ಹಾಲ್‌ನಲ್ಲಿ ಆಗಿದ್ದು ಎಲ್ಲ ಸೀಮಂತದಲ್ಲೂ ಆಗುವುದೇ. ಮೈಕು ಕಿರುಚಿತು. ಫೋಟೊದವನು ತಂಗಿಯ ಗಂಡನಿಗೆ "ಸಾರ್, ಕೈಯಲ್ಲಿ ಹಾರ್ಟ್ ಮಾಡಿ" ಅಂತ ಐದು ಸಲ ಹೇಳಿ, ಅವನು ಐದು ಸಲವೂ ಸಂಕೋಚದಿಂದ ಶರಟಿನ ಗುಂಡಿ ಸರಿಮಾಡಿಕೊಂಡ. ಅಲಂಕಾರದವನು ತಂದಿದ್ದ ಸಿಂಹಾಸನದಂಥ ಕುರ್ಚಿ ಎಷ್ಟು ಆಳ ಇತ್ತೆಂದರೆ ತಂಗಿ ಹಿಂದಕ್ಕೆ ಒರಗಿದರೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಬೆನ್ನಿಗೆ ಎರಡು ದಿಂಬು, ಕಾಲಿಗೆ ನಮ್ಮ ದೇವರ ಮನೆಯ ಮಣೆ. ಮುಂದೆ ಸೀರೆಯ ನೆರಿಗೆ ಹರಡಿ ಮಣೆ ಕಾಣದ ಹಾಗೆ ಮಾಡಿದಳು ನನ್ನ ಹೆಂಡತಿ.

ನಾನು ವೇದಿಕೆಯ ಕೆಳಗೆ ಗಡಿಯಾರ ಹಿಡಿದು ನಿಂತೆ. ಅರ್ಧ ಗಂಟೆಗೊಮ್ಮೆ "ಸೀರೆ ಸರಿ ಮಾಡ್ಕೊಂಡು ಬರ್ತಾಳೆ" ಅಂತ ಎಬ್ಬಿಸಿ ಕೋಣೆಗೆ ಕಳಿಸುವುದು. ಎರಡನೇ ಸಲಕ್ಕೆ ಬೀಗರ ಕಡೆಯ ಒಬ್ಬ ಅಜ್ಜಿ, "ಏನಪ್ಪಾ, ನಿನ್ನ ತಂಗಿ ಸೀರೆ ಇಷ್ಟು ಸಲ ಯಾಕೆ ಬಿಚ್ಕೊಳ್ತತಿ" ಅಂದರು. ನಿಜ ಹೇಳಿದೆ. "ಅಯ್ಯೋ, ಮೊದ್ಲೇ ಹೇಳ್ಬಾರ್ದಾ" ಅಂತ ಅವರೇ ಮುಂದೆ ನಿಂತು ಆರತಿ ಸಾಲನ್ನು ಓಡಿಸಿದರು. ಇಬ್ಬಿಬ್ಬರು ಒಟ್ಟಿಗೆ ಆರತಿ, ಹಾಡು ಎರಡೇ ನುಡಿ. ನಾನು ಹೇಳಿದ್ದರೆ ಯಾರು ಕೇಳುತ್ತಿದ್ದರು?

ಕೋಸಂಬರಿ ಉಪಾಯ ಮುಕ್ಕಾಲು ಪಾಲು ನಡೆಯಿತು. ಒಬ್ಬ ಅತ್ತೆ ಮಾತ್ರ ಬಟ್ಟಲು ನೋಡಿ, "ಉಪ್ಪಿನದು ಹಾಕೋದಾ?" ಅಂತ ಪರ್ಸಿನಿಂದ ಪೇಡ ತೆಗೆದು ಇಡಿಯಾಗಿ ಬಾಯಿಗೆ ತುರುಕಿಬಿಟ್ಟರು. ತಂಗಿ ಅದನ್ನು ಕೆನ್ನೆಯಲ್ಲಿ ಹಿಡಿದುಕೊಂಡೇ ನಕ್ಕು ಫೋಟೊಗೆ ನಿಂತಳು, ಆಮೇಲೆ ಕರ್ಚೀಫಿಗೆ ದಾಟಿಸಿದಳು. ಆ ಫೋಟೊದಲ್ಲಿ ಅವಳ ಎಡಗೆನ್ನೆ ಉಬ್ಬಿರುವುದು ಈಗಲೂ ಕಾಣುತ್ತದೆ.

ಒಂದು ಗಂಟೆಗೆ ಸರಿಯಾಗಿ ವಧುವಿನ ಕೋಣೆಗೇ ತಟ್ಟೆ ಹೋಯಿತು. ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕಿ ಕಾಳಿನ ಪಲ್ಯ, ನವಣೆ ಮೊಸರನ್ನ, ಅರ್ಧ ಶೇಂಗಾ ಹೋಳಿಗೆ. ಆ ಅರ್ಧ ಹೋಳಿಗೆ ಡಾಕ್ಟರ್ ಹತ್ತಿರ ಕೇಳಿ ಒಪ್ಪಿಗೆ ಪಡೆದದ್ದು. ಅಮ್ಮ ಪಕ್ಕದಲ್ಲಿ ಕೂತು ತುತ್ತು ಮಾಡಿ ಕೊಡುತ್ತಿದ್ದಳು. ಮೇಲೆ ಪಂಕ್ತಿಯಲ್ಲಿ ದುರ್ಗದವರು ಹೋಳಿಗೆಗೆ ತುಪ್ಪ ಕಡಿಮೆ ಅಂದರಂತೆ, ದಾವಣಗೆರೆಯವರು ಬೆಣ್ಣೆ ದೋಸೆ ಕೌಂಟರ್ ಯಾಕಿಲ್ಲ ಅಂದರಂತೆ. ಅಡುಗೆಯವನು ಅದನ್ನು ಇಡೋಣ ಅಂತ ಹೇಳಿದ್ದ, ನಾನೇ ಬೇಡ ಅಂದಿದ್ದೆ. ದೋಸೆ ಕೌಂಟರ್ ಅಂದರೆ ಸಾಲು, ಸಾಲು ಅಂದರೆ ಊಟ ನಾಲ್ಕು ಗಂಟೆ ತನಕ. ಎಲ್ಲರೂ ಮೂರಕ್ಕೆ ಹೊರಟರು. ದೋಸೆ ಬೇಡ ಅಂದಿದ್ದಕ್ಕೆ ಇವತ್ತಿಗೂ ನೆಂಟರ ಮದುವೆಗಳಲ್ಲಿ ಮಾತು ಕೇಳಿಸಿಕೊಳ್ಳುತ್ತಿದ್ದೇನೆ.

ಮೂರು ಗಂಟೆಗೆ ತಂಗಿ ಬೆರಳು ಚುಚ್ಚಿದಳು. 117. ಮಷಿನನ್ನು ನನ್ನ ಮುಖಕ್ಕೆ ಹಿಡಿದು, "ಪಾಸ್. ಈಗ ನನ್ನ ನಿಜವಾದ ಬಯಕೆ ಹೇಳ್ಲಾ?" ಅಂದಳು. ಅವಳಿಗೆ ಬೇಕಾಗಿದ್ದು ಮಂಡಕ್ಕಿ-ಮಿರ್ಚಿ. ಬೆಂಗಳೂರಲ್ಲಿ ಎರಡು ತಿಂಗಳಿಂದ ಕನಸಲ್ಲಿ ಬರುತ್ತಿತ್ತಂತೆ. ಸಂಜೆ ಆರಕ್ಕೆ ಗಾಡಿ ತೆಗೆದುಕೊಂಡು ಹೋಗಿ ತಂದೆ. ಒಂದು ಹಿಡಿ ಮಂಡಕ್ಕಿ, ಒಂದೇ ಒಂದು ಮಿರ್ಚಿ ಅವಳಿಗೆ. ಉಳಿದಿದ್ದನ್ನು ನಾವು ಅವಳೆದುರೇ ತಿಂದೆವು.

ಲೆಕ್ಕ ಮುಗಿಸುವಾಗ ಉಳಿದದ್ದು ಎರಡು-ನಾಲ್ಕರ ಬಳೆ, ನಾಲ್ಕು ಡಜನ್‌ಗೆ ಒಂದು ಕಡಿಮೆ. ಅಂಗಡಿಯವನು ವಾಪಸ್ ತಗೊಳ್ಳಲ್ಲ ಅಂದ. "ಇರ್ಲಿ ಬಿಡು, ಹೆರಿಗೆ ಆದ್ಮೇಲೆ ಕೈ ಇಳಿಯುತ್ತೆ" ಅಂತ ಅಮ್ಮ ಬೀರುವಿನ ಮೇಲಿಟ್ಟಳು. ಏಪ್ರಿಲ್ ಕೊನೆಯಲ್ಲಿ ಮಗು ಬಂತು, ಹೆಣ್ಣು, ಎರಡು ಕಿಲೋ ಒಂಬೈನೂರು ಗ್ರಾಂ. ಮೊನ್ನೆ ತಂಗಿ ಆ ಡಬ್ಬಿ ಇಳಿಸಿ ಒಂದು ಬಳೆ ಹಾಕಿ ನೋಡಿದಳು. ಗೆಣ್ಣಿನ ಹತ್ತಿರ ನಿಂತಿತು. ಅಮ್ಮ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದವಳು ಅಲ್ಲಿಂದಲೇ, "ಒತ್ತಬೇಡ, ನಾನು ಬಂದೆ" ಅಂದಳು.